ನಿದ್ರೆಗೊಂದು ಕಾಲಂ

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಆ ವರ್ಷಗಳಲ್ಲಿ ನಾನು ಅಂಕೋಲೆಯಿಂದ ಕಾರವಾರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮಾಜಿ ಸೈನಿಕರ ದವಾಖಾನೆಯೊಂದರಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸ. ಬಂದವರ ಹೆಸರು, ವಯಸ್ಸು, ಕಾಯಿಲೆ, ಕೊಟ್ಟ ಮಾತ್ರೆ ಎಲ್ಲವನ್ನೂ ಕೇಸ್ ಪೇಪರು ನೋಡಿ ಕಾಲಂಗಳಲ್ಲಿ ತುಂಬಬೇಕು. ಕರೆಂಟು ಹೋದರೆ ಸೇವ್ ಮಾಡದ ಸಾಲುಗಳೆಲ್ಲ ಹೋಗಿ ಮತ್ತೆ ಮೊದಲಿಂದ ಶುರು. ಸಂಜೆ ಬಸ್ಸು ಹತ್ತುವಾಗ ಕಣ್ಣು ಉರಿಯುತ್ತಿತ್ತು. ಕಿಟಕಿಯಾಚೆ ಸಮುದ್ರ ಇದ್ದರೂ ನೋಡುವ ಮನಸ್ಸಾಗುತ್ತಿರಲಿಲ್ಲ.

ಅಲ್ಲಿಗೆ ಹೊರಗಿನಿಂದ ಒಬ್ಬರು ಡಾಕ್ಟರ್ ಮೇಡಂ ಬಂದರು. ಪಡೆ ಬಿಟ್ಟು ಊರಿಗೆ ಮರಳಿದವರಿಗೆ ಮುಂದೆ ಯಾವ ಯಾವ ಕಾಯಿಲೆ ಕಾಡುತ್ತದೆ ಅನ್ನುವುದು ಅವರ ಅಧ್ಯಯನ. ಹೆಸರು ತೆಗೆದು, ಬರೀ ನಂಬರು ಇಟ್ಟು, ನಾನು ತುಂಬಿದ ಮಾಹಿತಿಯನ್ನೆಲ್ಲ ಅವರಿಗೆ ಕೊಡಬಹುದೆಂದು ಮೇಲಿನಿಂದ ಒಪ್ಪಿಗೆ ಬಂದಿತ್ತು. ಇದು ಮಾತ್ರೆ ತರಿಸುವ ಲೆಕ್ಕಕ್ಕೆಂದು ಕೂಡಿಸಿದ್ದು, ಸಂಶೋಧನೆಗೆಂದು ಅಲ್ಲ, ಹಾಗಾಗಿ ಹುಷಾರಾಗಿ ಓದಬೇಕು ಎಂದು ಅವರು ಮೊದಲ ದಿನವೇ ಹೇಳಿದರು. ಕೆಲವರು ವರ್ಷಗಟ್ಟಲೆ ಬಂದು ಒಮ್ಮೆಲೇ ಬರುವುದನ್ನು ನಿಲ್ಲಿಸಿದ್ದರು. ಅವರ ಸಾಲುಗಳು ಅಲ್ಲಿಂದ ಮುಂದೆ ಖಾಲಿ. ಗುಣವಾದರೋ, ತೀರಿಕೊಂಡರೋ, ಬೇರೆ ಕಡೆ ಹೋಗುತ್ತಿದ್ದಾರೋ ಕಂಪ್ಯೂಟರಿಗೆ ಗೊತ್ತಿಲ್ಲ. ಕಾಯಿಲೆ ಇಲ್ಲ ಎಂದೇ ಅದು ಎಣಿಸುತ್ತದೆ. ಹೆಸರು, ವಿಳಾಸ ನಿಮ್ಮ ಹತ್ತಿರ ಇದೆಯಲ್ಲ, ಅವರ ಮನೆಗಳಿಗೆ ಹೋಗಿ ವಿಚಾರಿಸಿ ಬರುತ್ತೀರಾ ಎಂದು ಮೇಡಂ ಕೇಳಿದರು. ಕೂತು ಕೂತು ಬೇಸತ್ತಿದ್ದ ನಾನು ಹೂಂ ಅಂದೆ. ಅಲೆದಾಟದ ಸುಸ್ತು ಬೇರೆಯೇ ಇರುತ್ತದೆ ಅನ್ನುವುದು ಆಗ ಹೊಳೆದಿರಲಿಲ್ಲ.

ಹಣಕೋಣದಲ್ಲಿ ನಾನು ಹುಡುಕಿಕೊಂಡು ಹೋದವರು ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಿದ್ದರು. ಅವರ ಹೆಂಡತಿ ಗದ್ದೆಯಿಂದ ಕೈ ತೊಳೆದು ಬಂದು, ಇಷ್ಟು ದೂರ ಕೇಳಿಕೊಂಡು ಬಂದೆಯಲ್ಲ ಎಂದು ನನಗೇ ಸಮಾಧಾನ ಹೇಳಿ ಚಾ ಕೊಟ್ಟರು. ಕದ್ವಾಡದ ಇನ್ನೊಬ್ಬರಿಗೆ ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ; ಊರಲ್ಲೇ ಯಾರೋ ಕೊಟ್ಟ ಮಾತ್ರೆ ನುಂಗಿಕೊಂಡಿದ್ದರು. ಖಾಲಿ ಸಾಲುಗಳಲ್ಲಿ ಆರೋಗ್ಯವಂತರು ಯಾರೂ ಸಿಗಲಿಲ್ಲ.

ಹಟ್ಟಿಕೇರಿ ನನ್ನ ದಾರಿಯಲ್ಲೇ ಇದ್ದದ್ದರಿಂದ ಅದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಒಂದು ಸಂಜೆ ಅಲ್ಲಿಳಿದು ಪಟ್ಟಿಯಲ್ಲಿದ್ದ ಹವಾಲ್ದಾರರೊಬ್ಬರ ಮನೆ ಕೇಳಿದೆ. ಅರವತ್ತು ದಾಟಿದ, ಇನ್ನೂ ನೆಟ್ಟಗೆ ಕೂರುವ ಮನುಷ್ಯ. ಸಕ್ಕರೆ, ಬೀಪಿ, ಕಿವಿ ಎಂದು ನಾನು ಒಂದೊಂದಾಗಿ ಕೇಳಿದ್ದಕ್ಕೆಲ್ಲ ಏನಿಲ್ಲ ಎಂದರು. ಎದ್ದು ಹೊರಡುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ, "ನಿದ್ದೆ ಇಲ್ಲ ಅಂತ ಹೇಳಿ. ತಂಗಿ ಬರ್ಕೊಳ್ಳಲಿ" ಎಂದರು.

ಹವಾಲ್ದಾರರು ಅಂಗಳ ನೋಡುತ್ತಲೇ ಹೇಳತೊಡಗಿದರು. ನಾನು ಮತ್ತೆ ಕೂತೆ. ಹಿಮದ ಮೇಲಿನ ಕಾವಲು ಪೋಸ್ಟಿನಲ್ಲಿ ಪಕ್ಕದಲ್ಲೇ ಮಲಗಿದ್ದ ಜೊತೆಗಾರ ಬೆಳಿಗ್ಗೆ ಏಳಲೇ ಇಲ್ಲವಂತೆ. ಊರಿಗೆ ಬಂದ ಮೇಲೂ ಕಣ್ಣು ಹತ್ತಿದೊಡನೆ ಎಚ್ಚರ. ಪಕ್ಕದವರು ಉಸಿರಾಡುತ್ತಿದ್ದಾರಾ ಎಂದು ಅಲುಗಾಡಿಸಿ ನೋಡುವುದು. ಹೆಂಡತಿ ಎಷ್ಟೋ ವರ್ಷದಿಂದ ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು.

ದವಾಖಾನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಯಾರೂ ಕೇಳ್ಲಿಲ್ಲ ತಂಗಿ," ಎಂದರು. ಆಮೇಲೆ, "ಬರೆ. ಹೆಸರು ಮಾತ್ರ ಬೇಡ" ಎಂದರು.

ಹೆಸರು ಇರುವುದಿಲ್ಲ, ನಂಬರು ಅಷ್ಟೇ ಎಂದೆ. ಪಡೆಯಲ್ಲಿದ್ದವನಿಗೆ ನಂಬರೇನೂ ಹೊಸದಲ್ಲ ಎಂದು ಅವರು ನಕ್ಕರು. ಹೆಂಡತಿ ನಗಲಿಲ್ಲ.

ಮರುದಿನ ಬರೆಯಲು ಕೂತರೆ ನಿದ್ರೆಗೆ ಕಾಲಮ್ಮೇ ಇರಲಿಲ್ಲ. ಹೇಳಿದಾಗ ಮೇಡಂ ತಾವೇ ಒಂದು ಕಾಲಂ ಸೇರಿಸಿದರು. ಆ ದಿನದಿಂದ ಬಂದವರನ್ನೆಲ್ಲ ನಿದ್ದೆ ಹೇಗೆ ಎಂದು ಕೇಳತೊಡಗಿದೆವು. ಉತ್ತರ ಕೊಡುವ ಮೊದಲು ಹಲವರು ಯಾರಾದರೂ ಕೇಳಿಸಿಕೊಳ್ಳುತ್ತಾರೋ ಎಂದು ಬಾಗಿಲ ಕಡೆ ನೋಡುತ್ತಿದ್ದರು. ಅದನ್ನೆಲ್ಲ ಟೈಪು ಮಾಡಿ ಮನೆಗೆ ಹೋದರೆ ಗಂಡ, ಮಕ್ಕಳ ಹತ್ತಿರ ಮಾತಾಡಲಿಕ್ಕೆ ನನ್ನಲ್ಲಿ ತ್ರಾಣ ಉಳಿದಿರುತ್ತಿರಲಿಲ್ಲ.

ಹವಾಲ್ದಾರರು ಹೆಂಡತಿಯ ಜೊತೆ ದವಾಖಾನೆಗೆ ಬಂದರು. ಅವರನ್ನು ಮೇಡಂ ಹುಬ್ಬಳ್ಳಿಯ ಮನೋವೈದ್ಯರ ಬಳಿ ಕಳಿಸಿದರು. ಕೆಲವು ಸಲ ಘಟ್ಟ ಹತ್ತಿ ಹೋಗಿ ಬಂದರು. ಆಮೇಲೆ ಪ್ರಯಾಣವೇ ಕಷ್ಟ ಎಂದು ಬಿಟ್ಟರು. ಆದರೆ ಅಲ್ಲಿ ಬರೆದುಕೊಟ್ಟ ಮಾತ್ರೆಯನ್ನು ನಮ್ಮಲ್ಲಿಂದ ಒಯ್ಯುತ್ತಿದ್ದರು. ಸ್ವಲ್ಪ ಪರವಾಗಿಲ್ಲ ಎಂದು ಹೆಂಡತಿ ಹೇಳುತ್ತಿದ್ದರು.

ಅಧ್ಯಯನದ ಅವಧಿ ಮುಗಿದು ಮೇಡಂ ಮಾಹಿತಿಯನ್ನೆಲ್ಲ ತೆಗೆದುಕೊಂಡು ಹೋದರು. ಅದನ್ನು ಯಾರು ಓದಿದರು, ಓದಿ ಏನಾಯಿತು ಎಂಬುದು ನನಗೆ ತಿಳಿಯಲಿಲ್ಲ. ಆಮೇಲೆ ದವಾಖಾನೆಗೆ ಹೊಸ ಸಾಫ್ಟ್‌ವೇರ್ ಬಂತು. ಅದರಲ್ಲಿ ನಿದ್ರೆಯ ಕಾಲಂ ಇರಲಿಲ್ಲ. ಸೇರಿಸಬಹುದೇ ಎಂದು ಅದನ್ನು ಹಾಕಲು ಬಂದವರನ್ನು ಕೇಳಿದ್ದಕ್ಕೆ, ಅದು ನಮ್ಮ ಕೈಯಲ್ಲಿಲ್ಲ ಎಂದರು. ಮತ್ತೆ ಕೇಳುವ ಉಮೇದು ನನಗೂ ಇರಲಿಲ್ಲ.

ಅದೇ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹವಾಲ್ದಾರರು ಮಾತ್ರೆಗೆ ಬಂದಿದ್ದರು. ಜನ ಬಹಳ. ಅವರ ಸರದಿ ಬಂದಾಗ ಕರೆಯಲೆಂದು ಹೊರಗೆ ಹೋದೆ. ಬೆಂಚಿನ ಮೇಲೆ, ಅಷ್ಟು ಗದ್ದಲದ ನಡುವೆ, ಹೆಂಡತಿಯ ಹೆಗಲಿಗೆ ತಲೆ ಕೊಟ್ಟು ಬಾಯಿ ತೆರೆದು ಮಲಗಿಬಿಟ್ಟಿದ್ದರು. ಆಕೆ ಅಲುಗಾಡದೆ ಕೂತು, ಬೇಡ ಎಂದು ಕಣ್ಣಲ್ಲೇ ಹೇಳಿದರು.

ನಾನು ಸರದಿಯಲ್ಲಿ ಅವರ ಹಿಂದೆ ಇದ್ದವರನ್ನು ಒಳಗೆ ಕಳಿಸಿದೆ.