ಚಿತ್ರದಲ್ಲಿದ್ದ ಅವ್ವನ ಬೆರಳು

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ಹಾಗೆ ಎದ್ದು ಹೋಗಲು ಆಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ನೀವು ನಂಬಲೇಬೇಕೆಂದಿಲ್ಲ.

ನಮ್ಮೂರು ಹಾಲ್ಕುರಿಕೆಗೆ ಹತ್ತಿರ. ಅಕ್ಕ ಸರೋಜ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದುತ್ತಿದ್ದಳು. ರಜೆಗೆ ಬಂದಾಗಲೆಲ್ಲ ಅವ್ವನನ್ನು ಕೂರಿಸಿಕೊಂಡು ಬರೆಯುತ್ತಿದ್ದಳು. ಕೊನೆಯ ಸಲ ಬರೆದದ್ದು, ಅವ್ವ ಅಂಗಳದಲ್ಲಿ ಕೂತು, ಅಟ್ಟದಿಂದ ಇಳಿಸಿದ ಕಾಯಿಯ ರಾಶಿ ಮುಂದಿಟ್ಟುಕೊಂಡು ಕೊಬ್ಬರಿ ಬಿಡಿಸುತ್ತಿರುವ ಚಿತ್ರ.

"ಅಲ್ಲಾಡ್ಬೇಡ ಕಣವ್ವ" ಎಂದು ಅಕ್ಕ ಬೈದರೆ, "ಅಲ್ಲಾಡ್ದೆ ಕಾಯಿ ಒಡ್ಯಾದು ಹೆಂಗೆ?" ಎಂದು ಅವ್ವ.

ಮುಗಿಸುತ್ತೇನೆಂದು ಅದನ್ನು ಕಾಲೇಜಿಗೆ ಒಯ್ದಳು. ಮುಂದಿನ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಅವಳ ಚಿತ್ರಗಳನ್ನು ತರಲು ಹೋದ ಅಪ್ಪನಿಗೆ ಅವಳ ಮೇಷ್ಟ್ರು, "ಗೆದ್ದಲು ಹಿಡಿದಿತ್ತು, ಎಲ್ಲ ಎಸೆದುಬಿಟ್ವಿ" ಎಂದರಂತೆ. ಅಪ್ಪ ಬರಿಗೈಯಲ್ಲಿ ಬಂದರು.

ಎಷ್ಟೋ ವರ್ಷಗಳ ಮೇಲೆ, ವಿಶ್ವವಿದ್ಯಾಲಯ ತನ್ನ ಸಂಗ್ರಹದ ಕಲಾಕೃತಿಗಳನ್ನು ಕ್ಯಾಂಪಸ್ಸಿನ ಗ್ಯಾಲರಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದೆ ಎಂದು ಪೇಪರಿನಲ್ಲಿ ಬಂತು. ಜೊತೆಗಿದ್ದ ಫೋಟೊದ ಮೂಲೆಯಲ್ಲಿ, ಮಸುಕಾಗಿ, ಒಂದು ಚಿತ್ರದಲ್ಲಿ ನಮ್ಮ ಅಂಗಳ. ಮರುದಿನವೇ ಅವ್ವನನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಚಿತ್ರ ಅಕ್ಕನದೇ. ಕೆಳಗಿನ ಫಲಕದಲ್ಲಿದ್ದದ್ದು ಮೇಷ್ಟ್ರ ಹೆಸರು. ಇಸವಿ ಮಾತ್ರ ಸರಿಯಾಗಿತ್ತು, ಅಕ್ಕ ಬದುಕಿದ್ದಾಗಿನದು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಯವರನ್ನು ಹುಡುಕಿ ಕೇಳಿಯೇಬಿಡುತ್ತೇನೆಂದು ತಿರುಗಿದಾಗ ಅವ್ವ ನನ್ನ ಸೆರಗು ಹಿಡಿದಳು.

"ಬೆರಳು ನೋಡೇ ಇಲ್ಲಿ."

ಕಾಯಿ ಹಿಡಿದಿದ್ದ ಎಡಗೈಯ ತೋರುಬೆರಳಿಗೆ ತುದಿ ಇರಲಿಲ್ಲ. ಅವ್ವನ ಬೆರಳಿಗೂ ಇಲ್ಲ. ಆದರೆ ಅದು ಹೋದದ್ದು ಅಕ್ಕನ ವರ್ಷದ ತಿಥಿ ಕಳೆದ ಮೇಲೆ, ಕಾಯಿ ಒಡೆಯುವಾಗ ಮಚ್ಚು ಜಾರಿ. ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಹಾಕಿಸಿದವಳು ನಾನೇ. ಬಣ್ಣ ಉದುರಿರಬಹುದೆಂದು ಮುಖ ಹತ್ತಿರ ಒಯ್ದು ನೋಡಿದೆ. ಉದುರಿರಲಿಲ್ಲ. ಮೊಂಡು ಬೆರಳಿನ ಮೇಲೆ ಹೊಲಿಗೆಯ ಓರೆ ಗೆರೆಯೂ ಇತ್ತು, ಅವ್ವನಿಗೆ ಇರುವ ಕಡೆಯೇ.

ನಿವೃತ್ತರಾಗಿದ್ದ ಆ ಮೇಷ್ಟ್ರು ಅಂದು ಅಲ್ಲೇ ಇದ್ದರು. ಬಂದವರಿಗೆ ಚಿತ್ರಗಳ ವಿಷಯ ಹೇಳುತ್ತಿದ್ದರು. ನಾನು ಅಕ್ಕನ ಹೆಸರು ಹೇಳಿ ಇದು ಅವಳದು ಎಂದೆ. ಅವರು ಬೆಚ್ಚಲಿಲ್ಲ.

"ಇದು ನನ್ನ ಕಲ್ಪನೆ ಕಣಮ್ಮ. ನಿಮ್ಮ ಕಡೆ ಹೆಂಗಸರೆಲ್ಲ ಹೀಗೇ ಕೂರ್ತಾರಲ್ಲ" ಎಂದು ನಕ್ಕರು.

ಅವ್ವ ತನ್ನ ಎಡಗೈಯನ್ನು ಚಿತ್ರದ ಕೈ ಪಕ್ಕಕ್ಕೆ ಹಿಡಿದಳು. ಮೇಷ್ಟ್ರು ಅದನ್ನು ನೋಡಿದರು, ಇದನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಬೆರಳು ಪೂರ್ತಿ ಇತ್ತು" ಎಂದರು, ನಮಗಲ್ಲ, ತಮ್ಮಷ್ಟಕ್ಕೆ. ಆಮೇಲೆ ಹೊರಗೆ ಹೋದವರು ತಿರುಗಿ ಬರಲಿಲ್ಲ.

ನಾನು ದೂರು ಕೊಟ್ಟೆ. ಅಕ್ಕ ಬರೆದದ್ದು ಎನ್ನುವುದಕ್ಕೆ ಪುರಾವೆ ಇಲ್ಲ ಎಂದು ವಿಶ್ವವಿದ್ಯಾಲಯದವರು ಕೈತೊಳೆದುಕೊಂಡರು. ಬೆರಳಿನ ವಿಷಯ ಹೇಳಿದರೆ ನನ್ನನ್ನೇ ವಿಚಿತ್ರವಾಗಿ ನೋಡಿದರು. ಹಿಂದೆ ನಾನೂ ಹಾಗೇ ನೋಡುತ್ತಿದ್ದೆನೋ ಏನೋ. ಫಲಕ ಇಂದಿಗೂ ಬದಲಾಗಿಲ್ಲ. ಚಿತ್ರವನ್ನು ಯಾರಾದರೂ ತಿದ್ದಿರಬಹುದೆಂದು ನಾನೇ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಅವ್ವನ ಬೆರಳಿನ ಗಾಯ ಅಲ್ಲಿ ಯಾರಿಗೆ ಗೊತ್ತಿತ್ತು?

ಅವ್ವನಿಗೆ ಹೆಸರಿನ ಚಿಂತೆಯಿಲ್ಲ.

"ಅವನ ಹೆಸ್ರೇ ಇರ್ಲಿ ಬುಡು" ಎನ್ನುತ್ತಾಳೆ. "ನಾನು ಕೈ ಕುಯ್ಕೊಂಡು ಅಳ್ತಾ ಕೂತಿದ್ದಾಗ ಅವ್ಳು ಎಲ್ಲಿ ನಿಂತ್ಕೊಂಡು ನೋಡ್ತಿದ್ಲೇ? ಅಷ್ಟು ಹೇಳು ನಂಗೆ."