ಉಪವಾಸ ಮುರಿಯುವ ಪಾಠ

ನಿವೃತ್ತ ಇಂಗ್ಲಿಷ್ ಮಾಸ್ತರರಾದ ನಮ್ಮ ಮಾವ ಕೊಟ್ರಬಸಪ್ಪನವರು ಪಾಠ ಮಾಡದೆ ನಾಷ್ಟಾ ಮುಟ್ಟುವವರಲ್ಲ. ಮಂಡಕ್ಕಿ ಸುಸಲಾ, ಮಿರ್ಚಿ ಬಜ್ಜಿಯ ತಟ್ಟೆ ಕಂಡರೆ ಸಾಕು, "ಫಾಸ್ಟ್ ಅಂದ್ರ ಉಪಾಸ. ರಾತ್ರಿ ಉಪಾಸ ಮುರಿಯೂದ ಬ್ರೇಕ್‌ಫಾಸ್ಟ್" ಎಂದು ಶುರು. ಹಾಲಿನ ಗ್ಯಾನಪ್ಪನಿಗೂ ಅದೇ ಪಾಠ, ಗ್ಯಾಸ್ ಸಿಲಿಂಡರ್ ತರುವವನಿಗೂ ಅದೇ. "ಮೊದ್ಲ ನಿಮ್ಮ ಉಪಾಸ ಮುರೀರಿ ಸರ, ಮಿರ್ಚಿ ಆರಾಕತ್ಯಾವು" ಎಂದು ಗ್ಯಾನಪ್ಪ ನಗುತ್ತಾನೆ. ಹಿರಿಯರಿಗಿಂತ ಮೊದಲು ಸೊಸೆ ತಿನ್ನುವ ರೂಢಿ ನಮ್ಮಲ್ಲಿರಲಿಲ್ಲ. ಪಾಠ ಮುಗಿಯುವಷ್ಟರಲ್ಲಿ ಕುಷ್ಟಗಿ ಬಸ್ಸಿನ ಹೊತ್ತಾಗಿ, ನಾನು ಕೆಲಸಕ್ಕೆ ಹಸಿದೇ ಓಡುತ್ತಿದ್ದೆ. ಒಮ್ಮೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ನನ್ನನ್ನು ಕಂಡು ಅವರ ಮಾತು ನಿಂತಿತು. "ಶಾಂಭವಿ, ನಿನ್ನ ಉಪಾಸ ಮುರೀತೇನವಾ?" ಅಂದಿನಿಂದ ಮೊದಲ ತಟ್ಟೆಯನ್ನು ಅವರೇ ಬಡಿಸಿ ನನ್ನ ಮುಂದಿಡುತ್ತಾರೆ. ಪಾಠ ಈಗಲೂ ಅದೇ. ನನ್ನ ತಟ್ಟೆ ಖಾಲಿಯಾಗುವವರೆಗೆ ಮುಗಿಯುವುದಿಲ್ಲ.