ಸ್ವೆಟರಿನ ಜೇಬಿನಲ್ಲಿ ಉಳಿದ ವಾಷರ್

ಕಳೆದ ಗುರುವಾರ ನಮ್ಮ ಮನೆಯ ಮುಂದಿನ ಹುಲ್ಲು ಕತ್ತರಿಸಲು ಬಂದವನ ಯಂತ್ರ ಅರ್ಧಕ್ಕೇ ನಿಂತುಹೋಯಿತು. ಅವನು ಹತ್ತಾರು ಸಲ ಹಗ್ಗ ಎಳೆದು ನೋಡಿದ. ಕೊನೆಗೆ ರಸ್ತೆಯ ಅಂಚಿನಲ್ಲಿ ಕೂತು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಮೂತಿಯನ್ನು ತನ್ನ ಪ್ಯಾಂಟಿಗೇ ಒರೆಸತೊಡಗಿದ. ಕಿಟಕಿಯ ಹತ್ತಿರ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದ ನನ್ನ ಮೂಗಿಗೆ ಸುಡದೆ ಉಳಿದ ಪೆಟ್ರೋಲಿನ ವಾಸನೆ ಬಂತು. ನೀವು ನಂಬುತ್ತೀರೋ ಇಲ್ಲವೋ, ಈ ವಾಸನೆಗೆ ನನಗೆ ನೆನಪಾಗುವುದು ಸ್ಕೂಟರಲ್ಲ, ಕಾರಲ್ಲ; ವಿಮಾನ. ನಾವೆಲ್ಲ ಊರಿಗೆ ಹೋಗಿಬರುವ ದೊಡ್ಡ ವಿಮಾನವಲ್ಲ. ಒಬ್ಬರು ತಮ್ಮ ಮನೆಯ ಗರಾಜಿನಲ್ಲಿ ಕೈಯಾರೆ ಕಟ್ಟಿದ, ಇಬ್ಬರು ಮೊಣಕೈ ತಾಗಿಸಿಕೊಂಡು ಕೂರಬೇಕಾದ ಪುಟ್ಟ ವಿಮಾನ. ಅದರ ಇಗ್ನಿಷನ್ ಕೆಲಸ ನನ್ನದಾಗಿತ್ತು ಎಂದರೆ ನನ್ನ ಮಗಳು ಈಗಲೂ ನಗುತ್ತಾಳೆ. ಅವಳು ಕಂಡ ಅಮ್ಮ ಮಿಕ್ಸಿ ನಿಂತರೂ ಅವಳ ಅಪ್ಪನನ್ನು ಕೂಗಿ ಕರೆಯುವವಳು.

ತೊಂಬತ್ತರ ದಶಕದ ಮಾತು. ಮದುವೆಯಾದ ಹೊಸತು. ನನ್ನ ಗಂಡ ಶ್ರೀಧರನಿಗೆ ಶಾರ್ಲೆಟ್‌ನಲ್ಲಿ ಕೆಲಸ, ಮನೆ ರಾಜ್ಯದ ಗಡಿಯಾಚೆಯ ಫೋರ್ಟ್ ಮಿಲ್‌ನಲ್ಲಿ. ನನಗಿದ್ದದ್ದು ಅವನ ಬೆನ್ನಿಗಂಟಿ ಬಂದ ವೀಸಾ. ಅದರಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಬೆಂಗಳೂರಿನ ಒಂದು ಕಾರ್ಖಾನೆಯ ವೈರಿಂಗ್ ವಿಭಾಗದಲ್ಲಿ ಎರಡು ವರ್ಷ ತಲೆ ಮೇಲೆತ್ತದೆ ದುಡಿದವಳು ನಾನು. ಇಲ್ಲಿ ಬೆಳಗ್ಗೆ ಶ್ರೀಧರ ಇದ್ದ ಒಂದೇ ಕಾರು ತೆಗೆದುಕೊಂಡು ಹೋದರೆ, ಸಂಜೆಯವರೆಗೆ ಅಪಾರ್ಟ್‌ಮೆಂಟಿನ ಕಾರ್ಪೆಟ್ಟನ್ನು ನಾನು ನೋಡಬೇಕು, ನನ್ನನ್ನು ಅದು ನೋಡಬೇಕು.

ಒಂದು ಶನಿವಾರ ಅಂಗಡಿಯಲ್ಲಿ ಸೊಪ್ಪಿನ ಕಟ್ಟೊಂದನ್ನು ಹಿಡಿದು, ಈ ದೇಶದ ಕೊತ್ತಂಬರಿಗೆ ಘಮವೇ ಇಲ್ಲವೆಂದು ಶ್ರೀಧರನ ಹತ್ತಿರ ಗೊಣಗುತ್ತಿದ್ದೆ. ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿತು. "ಅದು ಕೊತ್ತಂಬ್ರಿ ಅಲ್ಲಮ್ಮ, ಪಾರ್ಸ್ಲಿ. ಈ ಕಡೆ ಬಾ."

ಹಾಗೆ ಪರಿಚಯವಾದವರು ನಸೀಮಾ ಆಂಟಿ. ಮೈಸೂರಿನ ಮಂಡಿ ಮೊಹಲ್ಲಾದವರು. ಅವರ ಗಂಡ ಖಲೀಲ್ ಅಂಕಲ್ ಬಟ್ಟೆ ಗಿರಣಿಗಳ ಯಂತ್ರ ನೋಡಿಕೊಳ್ಳುವ ಎಂಜಿನಿಯರಾಗಿ ಕೆರೊಲೈನಾಕ್ಕೆ ಬಂದು ಆಗಲೇ ಇಪ್ಪತ್ತು ವರ್ಷವಾಗಿತ್ತು. ಮುಂದಿನ ವಾರವೇ ಊಟಕ್ಕೆ ಕರೆದರು. ಹೋದರೆ ಅವರ ಕಾರು ಹೊರಗೆ ಮಳೆಯಲ್ಲಿ ನಿಂತಿದೆ, ಗರಾಜಿನೊಳಗೆ ಉದ್ದಕ್ಕೆ ಒಂದು ರೆಕ್ಕೆ ಮಲಗಿದೆ. ಅಂಕಲ್ಲಿಗೆ ಚಿಕ್ಕಂದಿನಿಂದ ಇದ್ದ ಆಸೆಯಂತೆ. ನಕ್ಷೆ ತರಿಸಿ, ಅಲ್ಯೂಮಿನಿಯಂ ಹಾಳೆ ಕತ್ತರಿಸಿ, ಒಂದೊಂದೇ ರಿವೆಟ್ ಬಡಿದು, ಆರು ವರ್ಷದಿಂದ ಕಟ್ಟುತ್ತಿದ್ದರು. ಸರ್ಕಾರದ ತಪಾಸಣೆಯವರು ಬಂದು ನೋಡಿ ಒಪ್ಪಿದರೆ ಹಾರಿಸಬಹುದು. ಆದರೆ 'ಪ್ರಾಯೋಗಿಕ' ಎಂಬರ್ಥದ ಇಂಗ್ಲಿಷ್ ಪದವನ್ನು ಒಳಗೆ ಕೂರುವವರಿಗೆ ಕಾಣುವ ಹಾಗೆ ದೊಡ್ಡಕ್ಷರದಲ್ಲಿ ಬರೆದಿರಬೇಕು. ಅದನ್ನು ಓದಿದ ದಿನವೇ ನಸೀಮಾ ಆಂಟಿ ತಾವು ಎಲ್ಲಿಗಾದರೂ ಕಾರಿನಲ್ಲೇ ಬರುವುದಾಗಿ ತೀರ್ಮಾನ ಹೇಳಿಬಿಟ್ಟಿದ್ದರು.

ಊಟವಾದ ಮೇಲೆ ಅಂಕಲ್ ತಾವು ಮಾಡಿದ ವೈರಿಂಗ್ ತೋರಿಸಿದರು. ಹೊಗಳಿ ಸುಮ್ಮನಾಗುವುದು ಬಿಟ್ಟು, ಕಾರ್ಖಾನೆಯ ಅಭ್ಯಾಸಬಲದಿಂದ ನಾನು ಒಂದು ವೈರಿನ ತುದಿ ಹಿಡಿದು, ಸುಲಿಯುವಾಗ ಒಳಗಿನ ಎರಡು ಎಳೆ ತುಂಡಾಗಿದೆ ಎಂದೆ. ಶ್ರೀಧರ ನನ್ನ ಕಾಲು ತುಳಿದ. ಅಂಕಲ್ ಭೂತಗನ್ನಡಿ ತಂದು ನೋಡಿದರು, ಇನ್ನೊಮ್ಮೆ ನೋಡಿದರು. ಆಮೇಲೆ ತಮ್ಮ ಇಕ್ಕಳವನ್ನು ನನ್ನ ಕೈಗೆ ಕೊಟ್ಟರು.

ಅಂದಿನಿಂದ ವಾರಕ್ಕೆರಡು ದಿನ ಆಂಟಿ ಕಾರಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನನಗೆ ಸಿಕ್ಕ ಪಾಲು ಇಗ್ನಿಷನ್. ಎಂಜಿನ್ನಿನೊಳಗೆ ಪೆಟ್ರೋಲಿಗೆ ಸರಿಯಾದ ಕ್ಷಣದಲ್ಲಿ ಕಿಡಿ ಹಚ್ಚುವ ವ್ಯವಸ್ಥೆ ಅದು. ಕಾರಿನಲ್ಲಿ ಆ ಕಿಡಿಗೆ ಬ್ಯಾಟರಿ ಬೇಕು. ಈ ವಿಮಾನದಲ್ಲಿ ಮ್ಯಾಗ್ನೆಟೋ ಎಂಬ, ತೆಂಗಿನಕಾಯಿಯಷ್ಟು ದಪ್ಪದ ಸಾಧನ ಇರುತ್ತದೆ. ಎಂಜಿನ್ ತಿರುಗಿದರೆ ತಾನೂ ತಿರುಗಿ, ಒಳಗಿನ ಅಯಸ್ಕಾಂತದ ಬಲದಿಂದಲೇ ಕಿಡಿ ಹುಟ್ಟಿಸುತ್ತದೆ. ಬ್ಯಾಟರಿ ಸತ್ತರೂ, ದೀಪ ಆರಿದರೂ ಅದು ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಇಟ್ಟಿರುತ್ತಾರೆ. ನನಗೆ ಅದರ ಮೇಲೆ ಎಂಥ ಪ್ರೀತಿ ಬಂದಿತೆಂದರೆ, ಊರಿಗೆ ಬರೆದ ಕಾಗದಗಳಲ್ಲೂ ಅದನ್ನು ಬಣ್ಣಿಸಿದ್ದೆ. ನಮ್ಮಮ್ಮ ಉತ್ತರದಲ್ಲಿ, ಅಡುಗೆ ಏನು ಮಾಡುತ್ತೀ ಎಂದು ಮಾತ್ರ ಕೇಳಿದ್ದಳು.

ವಿಮಾನ ಮೊದಲ ಸಲ ಹಾರಿದ್ದು ಊರಾಚೆಯ ಸಣ್ಣ ಏರ್‌ಸ್ಟ್ರಿಪ್ಪಿನಲ್ಲಿ. ನಾನೂ ಶ್ರೀಧರನೂ ಬೇಲಿ ಹಿಡಿದು ನಿಂತಿದ್ದೆವು. ಆಂಟಿ ಬಂದಿರಲಿಲ್ಲ, ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಒಂದೇ ಪರದೆಯನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದ್ದರಂತೆ. ಅಂಕಲ್ ಎರಡು ಸುತ್ತು ಹಾಕಿ ಇಳಿದರು. ಇಳಿದವರು ರೆಕ್ಕೆಯ ಮೇಲೆ ಅಂಗೈ ಊರಿ ನಿಂತರು.

ಕಟ್ಟಿದರೆ ಮುಗಿಯಲಿಲ್ಲ, ವರ್ಷಕ್ಕೊಮ್ಮೆ ಎಲ್ಲವನ್ನೂ ತೆರೆದು ನೋಡಬೇಕು. ಆ ಮೊದಲ ವರ್ಷದ ತಪಾಸಣೆಯಲ್ಲಿ, ವಿಮಾನ ನಿಲ್ಲಿಸುತ್ತಿದ್ದ ಏರ್‌ಸ್ಟ್ರಿಪ್ಪಿನ ಶೆಡ್ಡಿನಲ್ಲಿ, ಎರಡೂ ಮ್ಯಾಗ್ನೆಟೋಗಳನ್ನು ಬಿಚ್ಚಿ, ಶುಚಿ ಮಾಡಿ, ಮತ್ತೆ ಕೂರಿಸಿದವಳು ನಾನೇ. ಕಿಡಿ ಬೀಳುವ ಕ್ಷಣವನ್ನು ಗುಂಯ್‌ಗುಟ್ಟಿ ತಿಳಿಸುವ ಒಂದು ಡಬ್ಬಿ ಇತ್ತು. ಅದರ ಸದ್ದಿಗೆ ಕಿವಿಗೊಟ್ಟು, ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ನಟ್ಟು ಬಿಗಿದೆ. ಆ ಶುಕ್ರವಾರ ಸಂಜೆ ಶ್ರೀಧರನ ಕಾರಿನಲ್ಲಿ ಬಹಳ ಹೆಮ್ಮೆಯಿಂದ ಮನೆಗೆ ಬಂದೆ. ಮಾರನೆಯ ಬೆಳಗ್ಗೆ ಅಂಕಲ್ ಒಬ್ಬರೇ ವರ್ಜೀನಿಯಾದ ಶ್ಯಾಂಟಿಲಿಗೆ ಹಾರುವವರಿದ್ದರು. ಅಲ್ಲಿದ್ದ ಅವರ ಮಗಳು ಸಮೀನಾಗೆ ಹೆಣ್ಣು ಮಗು ಹುಟ್ಟಿತ್ತು. ಆಂಟಿ ಬಾಣಂತನಕ್ಕೆಂದು ಮೊದಲೇ ಹೋಗಿದ್ದರು.

ಶನಿವಾರ ಬಟ್ಟೆ ಒಗೆಯಲು ಹಾಕುವಾಗ ಸ್ವೆಟರಿನ ಜೇಬಿಗೆ ಕೈ ಹಾಕಿದೆ. ಬೆರಳಿಗೆ ಒಂದು ಸಣ್ಣ ಉಂಗುರ ಸಿಕ್ಕಿತು. ಒಂದು ಕಡೆ ಸೀಳಿದ ಉಂಗುರ. ನಮ್ಮಲ್ಲಿ ಸ್ಪ್ರಿಂಗ್ ವಾಷರ್ ಅನ್ನುತ್ತಾರಲ್ಲ, ಅದು. ಒಂದೊಂದು ಮ್ಯಾಗ್ನೆಟೋವನ್ನೂ ಎಂಜಿನ್ನಿಗೆ ಹಿಡಿದಿಡುವುದು ಎರಡೇ ನಟ್ಟು. ನಟ್ಟಿನ ಕೆಳಗೆ ಈ ವಾಷರ್ ಇಲ್ಲದಿದ್ದರೆ ಎಂಜಿನ್ನಿನ ಅದುರಾಟಕ್ಕೆ ಅದು ಸಡಿಲವಾಗಬಹುದು. ಸಡಿಲವಾದರೆ ಮ್ಯಾಗ್ನೆಟೋ ತಿರುಗಿಕೊಳ್ಳುತ್ತದೆ, ಕಿಡಿ ಬೀಳಬಾರದ ಹೊತ್ತಿನಲ್ಲಿ ಬೀಳುತ್ತದೆ. ಬಿಗಿಯುವಾಗ ಕೈಗೆ ಅಡ್ಡ ಬರುತ್ತದೆಂದು ಒಂದು ನಿಮಿಷಕ್ಕೆ ಜೇಬಿಗೆ ಹಾಕಿಕೊಂಡಿದ್ದೆ. ಆ ಒಂದು ನಿಮಿಷ ಇನ್ನೂ ಮುಗಿದಿರಲಿಲ್ಲ.

ಏರ್‌ಸ್ಟ್ರಿಪ್ಪಿನ ಆಫೀಸಿಗೆ ಫೋನ್ ಮಾಡಿದೆ. ಅಂಕಲ್ ಹೊರಟು ಮುಕ್ಕಾಲು ಗಂಟೆಯಾಯಿತೆಂದು ಅಲ್ಲಿನವನು ಹೇಳಿದ. ಪಾಪ, ರೇಡಿಯೋದಲ್ಲಿ ಕೂಗಿಯೂ ನೋಡಿದ. ಅಷ್ಟರಲ್ಲಿ ಅವರು ದೂರ ಹೋಗಿಬಿಟ್ಟಿದ್ದರು. ದಾರಿಯಲ್ಲಿ ಪೆಟ್ರೋಲಿಗೆ ಇಳಿಯುವ ಜಾಗದ ನಂಬರ್ ಕೊಟ್ಟ. ಅಲ್ಲಿ ಫೋನ್ ಬರೀ ರಿಂಗಾಯಿತು. ಆಗ ಕೈಯಲ್ಲೊಂದು ಫೋನ್ ಹಿಡಿದು ತಿರುಗುವ ಕಾಲವಲ್ಲ. ಕೊನೆಗೆ ಸಮೀನಾ ಮನೆಗೆ ಮಾಡಿದೆ. ಎತ್ತಿಕೊಂಡವರು ಆಂಟಿ.

ಅಂಕಲ್ ಬಂದ ಕೂಡಲೇ ನನಗೆ ಫೋನ್ ಮಾಡಬೇಕು ಎಂದಷ್ಟೇ ಹೇಳಿ ಇಟ್ಟುಬಿಡೋಣವೆಂದುಕೊಂಡಿದ್ದೆ. ನನ್ನ ದನಿಯಲ್ಲೇ ಅವರಿಗೆ ಗೊತ್ತಾಯಿತು. "ಏನಾಯ್ತು, ಸರಿಯಾಗಿ ಹೇಳು" ಎಂದರು. ಹೇಳಿದೆ. ಆ ಕಡೆ ಮಗು ಸಣ್ಣಗೆ ಅಳುವುದು ಕೇಳಿಸುತ್ತಿತ್ತು.

"ಮ್ಯಾಗ್ನೆಟೋ ಎರಡಿದಾವಲ್ಲ?" ಎಂದರು. ಆ ವಿಮಾನದ ವಿಷಯವೇ ಬೇಡವೆಂದು ಮುಖ ತಿರುಗಿಸುತ್ತಿದ್ದವರು ಇಷ್ಟು ತಿಳಿದಿದ್ದಾರೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

"ಎರಡನ್ನೂ ನಾನೇ ಕೂರ್ಸಿದ್ದು ಆಂಟಿ."

"ಫೋನ್ ಇಡು. ಅವರು ಮಾಡಿದ್ರೆ ಲೈನ್ ಸಿಗಬೇಕಲ್ಲ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮುಂದಿನ ಎರಡು ಗಂಟೆಯನ್ನು ಹೇಗೆ ಕಳೆದೆ ಎಂದು ಕೇಳಬೇಡಿ. ಶ್ರೀಧರ ರಸ್ತೆಯ ಮ್ಯಾಪ್ ಹಾಸಿ, ಈಗ ಇಲ್ಲಿರಬಹುದು, ಈಗ ವರ್ಜೀನಿಯಾದ ಗಡಿ ದಾಟಿರಬಹುದು ಎಂದು ಬೆರಳಿಡುತ್ತಿದ್ದ. ಅವನು ಬೆರಳಿಟ್ಟಲ್ಲೆಲ್ಲ ನನಗೆ ಕಾಡೇ ಕಾಣುತ್ತಿತ್ತು. ಶುಕ್ರವಾರ ಸಂಜೆಯ ಒಂದೊಂದು ಚಲನೆಯನ್ನೂ ನೆನಪಿಸಿಕೊಳ್ಳಲು ನೋಡಿದೆ. ಉಳಿದ ಮೂರು ವಾಷರುಗಳನ್ನು ಹಾಕಿದ್ದೆನೇ? ಹಾಕಿದ್ದೆ ಎಂದು ಕೈ ಹೇಳುತ್ತಿತ್ತು. ಆದರೆ ನಾಲ್ಕನೆಯದನ್ನೂ ಹಾಕಿದ್ದೇನೆಂದು ಹೇಳಿದ್ದು ಅದೇ ಕೈ. ಕಾರ್ಖಾನೆಯಲ್ಲಿ ನಾನು ಬೇರೆಯವರ ತಪ್ಪು ಹಿಡಿದು ಎಷ್ಟು ಗತ್ತಿನಿಂದ ಓಡಾಡುತ್ತಿದ್ದೆ ಎಂಬುದೂ ಆಗಲೇ ನೆನಪಿಗೆ ಬರಬೇಕೆ?

ಫೋನ್ ರಿಂಗಾದಾಗ ಎತ್ತಿಕೊಂಡವನು ಶ್ರೀಧರ. ಅವನ ಮುಖ ನೋಡಿಯೇ ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅವನು ಫೋನಿನ ಸುರುಳಿ ವೈರನ್ನು ಎಳೆದು, ಬಗ್ಗಿ ನನ್ನ ಕಿವಿಗೆ ಹಿಡಿದ.

"ನೋಡಮ್ಮ, ನಾನು ಶ್ಯಾಂಟಿಲೀಲಿದೀನಿ. ಮೊಮ್ಮಗಳನ್ನ ಎತ್ಕೊಂಡಿದೀನಿ. ವಾಷರ್ ಇಲ್ಲ ಅಂತ ನಿನ್ನೆ ಸಾಯಂಕಾಲಾನೇ ನೋಡಿ, ಹೊಸದು ಹಾಕ್ದೆ."

ನಾನು ಅತ್ತೆನೋ ನಕ್ಕೆನೋ ಸರಿಯಾಗಿ ನೆನಪಿಲ್ಲ; ಎರಡನ್ನೂ ಮಾಡಿದೆ ಎನ್ನುತ್ತಾನೆ ಶ್ರೀಧರ. ಆ ಮಧ್ಯಾಹ್ನ ಉಂಡ ತಣ್ಣಗಿನ ಹುಳಿಯನ್ನದಷ್ಟು ರುಚಿಯಾದ ಊಟ ಆಮೇಲೆ ನಾನು ಮಾಡಿಲ್ಲ.

ನೋವಾದದ್ದು ಮಾರನೆಯ ವಾರ. ಅಂಕಲ್ ಹಿಂತಿರುಗಿದ ಮೇಲೆ, ನೀವು ಅದನ್ನು ಹೇಗೆ ಕಂಡುಹಿಡಿದಿರಿ ಎಂದು ಕೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದರು. "ನೀನು ಮನೆಗೆ ಹೋದ್ಮೇಲೆ ದಿನಾ ಒಂದು ಸಲ ಎಲ್ಲಾ ಚೆಕ್ ಮಾಡ್ತೀನಮ್ಮ. ಮೊದಲಿಂದಾನೂ."

ಎರಡು ವರ್ಷ ನಾನು ಮಾಡಿದ ಒಂದೊಂದು ಕೆಲಸವನ್ನೂ ಅವರು ನನ್ನ ಹಿಂದೆಯೇ ಟಾರ್ಚು ಹಿಡಿದು ನೋಡುತ್ತಿದ್ದರು! ಹಾಗೆ ನೋಡಿದ್ದರಿಂದಲೇ ಅವರು ಬದುಕಿದ್ದು, ನಾನು ಬದುಕಿದ್ದು ಎಂದು ಬುದ್ಧಿ ಹೇಳುತ್ತಿತ್ತು. ಆದರೂ ಬೇಜಾರಾಯಿತು. ನನ್ನನ್ನು ನಂಬಿ ಇಕ್ಕಳ ಕೊಟ್ಟರೆಂದು ಹಿಗ್ಗಿದ್ದೆನಲ್ಲ. ಅವರಿಗೆ ಅದು ತಿಳಿದಿರಬೇಕು. ಇನ್ನು ಮೇಲೆ ತಾವು ಮಾಡಿದ್ದನ್ನು ನಾನು ನೋಡಬೇಕು, ನಾನು ಮಾಡಿದ್ದನ್ನು ತಾವು ನೋಡುವುದು, ಇಬ್ಬರೂ ವಿಮಾನದ ಕೆಲಸ ಬರೆದಿಡುವ ಪುಸ್ತಕದಲ್ಲಿ ಸಹಿ ಹಾಕುವುದು ಎಂದರು. ಹಾಗೆಯೇ ನಡೆಯಿತು. ಮೂರನೆಯ ತಿಂಗಳು, ಮ್ಯಾಗ್ನೆಟೋದಿಂದ ಸ್ವಿಚ್ಚಿಗೆ ಹೋಗುವ ವೈರನ್ನು ಅವರು ಸಿಕ್ಕಿಸಲು ಮರೆತಿದ್ದನ್ನು ನಾನು ಹಿಡಿದೆ. ಆ ವೈರ್ ಇಲ್ಲದಿದ್ದರೆ ಸ್ವಿಚ್ ಆಫ್ ಮಾಡಿದರೂ ಕಿಡಿ ನಿಲ್ಲುವುದಿಲ್ಲ. ನಿಂತ ವಿಮಾನದ ಪ್ರೊಪೆಲರನ್ನು ಯಾರಾದರೂ ಕೈಯಿಂದ ತಿರುಗಿಸಿದರೆ ಎಂಜಿನ್ ಹತ್ತಿಕೊಂಡು ಕೈಯನ್ನೇ ಒಯ್ಯಬಹುದು. ಅಂಕಲ್ ಆ ವೈರನ್ನು ಸಿಕ್ಕಿಸಿ, ಪುಸ್ತಕದಲ್ಲಿ ತಮ್ಮ ತಪ್ಪನ್ನು ತಾವೇ ಬರೆದರು. ಆ ದಿನ ನನ್ನ ಬೇಜಾರು ಅರ್ಧ ಕಡಿಮೆಯಾಯಿತು. ಪೂರ್ತಿ ಆಗಲಿಲ್ಲ ಎಂಬುದನ್ನು ನಿಮ್ಮ ಹತ್ತಿರ ಮುಚ್ಚಿಡುವುದೇಕೆ?

ಆಮೇಲೆ ನಮಗೆ ಮಗಳಾದಳು, ಗ್ರೀನ್ ಕಾರ್ಡಾಯಿತು, ಮಾರಿಸ್‌ವಿಲ್‌ಗೆ ಬಂದೆವು. ಅಂಕಲ್ಲಿಗೆ ದೃಷ್ಟಿ ಮಂಜಾದ ಮೇಲೆ ವಿಮಾನವನ್ನು ಅಟ್ಲಾಂಟಾ ಕಡೆಯವರೊಬ್ಬರು ತೆಗೆದುಕೊಂಡು ಹೋದರು. ಅಂಕಲ್, ಆಂಟಿ ಈಗ ಶ್ಯಾಂಟಿಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ.

ಗುರುವಾರ ಸೊಪ್ಪು ಬಿಡಿಸುವುದನ್ನು ಬಿಟ್ಟು ಅಂಕಲ್ಲಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದ್ದರೂ ದನಿ ಗಟ್ಟಿಯಾಗಿದೆ. ಅದೂ ಇದೂ ಮಾತಾಡಿ, ವಾಷರಿನ ಸುದ್ದಿಗೆ ಬಂದು, ನೀವು ದಿನಾ ನನ್ನ ಹಿಂದೆ ಚೆಕ್ ಮಾಡುತ್ತಿದ್ದಿರಲ್ಲ, ಆಗ ನನಗೆ ಎಷ್ಟು ಬೇಜಾರಾಗಿತ್ತು ಗೊತ್ತೇ ಎಂದು ನಗುತ್ತಲೇ ಕೇಳಿದೆ. ಅವರು ನಗಲಿಲ್ಲ.

"ಚೆಕ್ ಮಾಡ್ತಾ ಇರ್ಲಿಲ್ಲಮ್ಮ" ಎಂದರು. "ಆ ಶುಕ್ರವಾರ ಕನ್ನಡಕ ಶೆಡ್ಡಲ್ಲೇ ಬಿಟ್ಟು ಹೋಗಿದ್ದೆ. ತಗೊಳ್ಳೋಕೆ ವಾಪಸ್ ಬಂದವನು ಸುಮ್ನೆ ಬಗ್ಗಿ ನೋಡ್ದೆ. ನಿನ್ನ ಕೆಲಸ ಅದಕ್ಕೆ ಮುಂಚೆ ಒಂದು ದಿನಾನೂ ನೋಡಿರ್ಲಿಲ್ಲ."

ಹಾಗಾದರೆ ಯಾಕೆ ಸುಳ್ಳು ಹೇಳಿದಿರಿ ಎಂದೆ.

"ನಿಜ ಹೇಳಿದ್ರೆ ನೀನು ಆಮೇಲೆ ಸ್ಪ್ಯಾನರ್ ಮುಟ್ತಿದ್ಯಾ?"

"ಮತ್ತೆ ಈಗ್ಯಾಕೆ ಹೇಳಿದ್ರಿ ಅಂಕಲ್?"

"ಈಗ ವಿಮಾನ ಇಲ್ವಲ್ಲ."

ಫೋನಿಟ್ಟು ಅಲ್ಲೇ ಕೂತೆ. ಅವರ ಕನ್ನಡಕ ಅಂದು ಜೇಬಿನಲ್ಲೇ ಇದ್ದಿದ್ದರೆ ಎಂಬುದು ಮೊದಲು ಹೊಳೆಯಿತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಆ ಎರಡು ವರ್ಷ ಅವರು ನಾನು ಸುಲಿದ ವೈರು, ನಾನು ಬಿಗಿದ ನಟ್ಟುಗಳನ್ನು ತಿರುಗಿಯೂ ನೋಡದೆ ನಂಬಿ ಆಕಾಶಕ್ಕೆ ಹೋಗಿದ್ದರು. ನಂಬಬಾರದಿತ್ತು, ನಿಜ. ಆದರೆ ಇಷ್ಟು ವರ್ಷ ಎದೆಯ ಮೂಲೆಯಲ್ಲಿ ಕೂತಿದ್ದ ಆ ಸಣ್ಣ ಬೇಜಾರು ಎದ್ದು ಹೋಗಿತ್ತು. ಸಂಜೆ ಶ್ರೀಧರ ಬಂದಾಗ ಇದನ್ನೆಲ್ಲ ಹೇಳಿದೆ. ಅವನು ಶೂ ಬಿಚ್ಚುತ್ತಿದ್ದವನು ಹಾಗೇ ನಿಂತು, ಹೆದರಿಕೆಯಾಯಿತೇ ಎಂದು ಕೇಳಿದ. ಆಯಿತು ಎಂದೆ. ಮತ್ತೆ ಯಾಕೆ ನಗುತ್ತಿದ್ದೀಯ ಎಂದ. ನಗುತ್ತಿದ್ದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.